ಹದಿನಾರು ಬಡಿತಗಳ ಬಿಡುವು

ನಮ್ಮೂರಿನ ಕಂಬಗಳ ಮೇಲಿನ ಧ್ವನಿವರ್ಧಕಗಳಲ್ಲಿ ಹಾಕುವ ಯಾವ ಹಾಡೇ ಆಗಲಿ, ಅದನ್ನು ಮೊದಲು ನಾನು ಮೂರು ಸಲ ಕೇಳಬೇಕು. ಧ್ವನಿ ಕಚೇರಿಯ ಹಿಂದಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಗಡಿಯಾರದ ಎದುರು ಕೂತು ಬಡಿತ ಎಣಿಸುತ್ತೇನೆ. ನಿಮಿಷಕ್ಕೆ ಎಷ್ಟು, ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ನಿಲ್ಲಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಬರೆದು ಸಹಿ ಹಾಕುತ್ತೇನೆ. ನನ್ನ ಸಹಿ ಇಲ್ಲದೆ ಹಾಡು ಕಂಬ ಹತ್ತುವುದಿಲ್ಲ. ಹೆಡ್‌ಫೋನಿನಲ್ಲಿ ಕೇಳಿದರೆ ಏನೂ ಆಗುವುದಿಲ್ಲ. ಕಂಬದ ಮೇಲಿನಿಂದ ಬಂದಾಗ ಮಾತ್ರ ಊರಿನ ಎಲ್ಲರ ಎದೆಯೂ ಅದರ ಬಡಿತಕ್ಕೆ ಸರಿಯಾಗಿ ಬಡಿಯುತ್ತದೆ.

ಕಿವಿ ಮುಚ್ಚಿಕೊಂಡರೂ ತಪ್ಪುವುದಿಲ್ಲ. ಹುಟ್ಟುಕಿವುಡಿಯಾದ ಹೂವಿನಂಗಡಿ ಚೆಲುವಕ್ಕನ ಎದೆಯೂ ಎಲ್ಲರ ಜೊತೆಗೇ ಬಡಿಯುತ್ತದೆ. ಸೇತುವೆ ದಾಟಿದರೆ ಮಾತ್ರ ಹಾಡು ತಲುಪುವುದಿಲ್ಲ. ಹಾಗಾಗಿ ದಿನ ತುಂಬಿದ ಬಸುರಿಯರು ಸೇತುವೆಯಾಚೆ ಹೋಗಿ ಹೆರುತ್ತಾರೆ. ಡಾಕ್ಟರು ಹಾಡಿಲ್ಲದ ಹೊತ್ತು ನೋಡಿಕೊಂಡು ನಾಡಿ ಹಿಡಿಯುತ್ತಾರೆ. ಬೆಳಗಿನ ಎಂಟು ಗಂಟೆಯ ಹಾಡು ನಿಮಿಷಕ್ಕೆ ಎಪ್ಪತ್ತೆರಡು. ರಾತ್ರಿಯೆಲ್ಲ ಮುಗ್ಗರಿಸಿದ ಮುದಿ ಎದೆಗಳು ಅದಕ್ಕಾಗಿ ಹಾಸಿಗೆಯಲ್ಲೇ ಕಾಯುತ್ತಿರುತ್ತವೆ. ಹಾಡು ಬಂದು ಕೈಹಿಡಿದು ಎಬ್ಬಿಸಿದ ಮೇಲೆ ಮುದುಕರು ಕಾಫಿ ಕೇಳುತ್ತಾರೆ. ನಮ್ಮೂರಿನಲ್ಲಿ ತೊಂಬತ್ತು ದಾಟಿದವರು ನಲವತ್ತೊಂದು ಜನ ಇದ್ದಾರೆ.

ಶುರುವಾದ ಹಾಡನ್ನು ನಡುವೆ ನಿಲ್ಲಿಸುವಂತಿಲ್ಲ. ಅದು ತಾನಾಗಿಯೇ ನಿಧಾನವಾಗಿ ಇಳಿದು, ಎಲ್ಲರ ಎದೆಯನ್ನೂ ಅವರವರಿಗೆ ಒಪ್ಪಿಸಿ ಮುಗಿಯಬೇಕು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಟೇಪು ಸಿಕ್ಕಿಹಾಕಿಕೊಂಡು ಹಾಡು ತಟ್ಟನೆ ನಿಂತುಹೋಗಿತ್ತು. ಅವತ್ತು ಬುಧವಾರ. ಮೀನುಪೇಟೆಯ ಹಿಂದಿನ ಓಣಿಯಲ್ಲಿ ಹಲವರ ಎದೆ ಮತ್ತೆ ಶುರುವಾಗಲೇ ಇಲ್ಲ; ಅದನ್ನು ಈಗಲೂ ಬುಧವಾರದ ಓಣಿ ಎನ್ನುತ್ತಾರೆ. ಅಲ್ಲಿ ಬಾಡಿಗೆ ಕಡಿಮೆ.

ನಾನು ಮೊದಲಿನಿಂದಲೂ ಹೆದರುವ ಹೆಂಗಸು. ಬಾಗಿಲಿಗೆ ಬೀಗ ಹಾಕಿ ಬೀದಿಯ ತಿರುವಿನಿಂದ ಮತ್ತೆ ವಾಪಸ್ಸು ಬಂದು ಎಳೆದು ನೋಡುತ್ತೇನೆ. ಬಿ.ಎಸ್ಸಿ.ಯಲ್ಲಿ ಗಣಿತ ಓದಿದ್ದಕ್ಕಿಂತ ಈ ಸ್ವಭಾವವನ್ನು ನೋಡಿಯೇ ನನಗೆ ಈ ಕೆಲಸ ಕೊಟ್ಟರು ಎಂದುಕೊಂಡಿದ್ದೇನೆ. ಹನ್ನೊಂದು ವರ್ಷದಲ್ಲಿ ನನ್ನ ಎಣಿಕೆ ಒಮ್ಮೆಯೂ ತಪ್ಪಿರಲಿಲ್ಲ. ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ನನ್ನ ಗಂಡ ಹಡಗಿನಲ್ಲಿ ಅಡುಗೆ ಕೆಲಸದಲ್ಲಿದ್ದಾರೆ, ವರ್ಷದಲ್ಲಿ ಎರಡು ತಿಂಗಳು ಬಂದಿರುತ್ತಾರೆ. ಹೋಗುವಾಗ ಪ್ರತಿ ಸಲವೂ ಒಂದೇ ಮಾತು ಹೇಳುತ್ತಾರೆ: "ಅಮ್ಮನ್ನ ನೋಡ್ಕೋ, ಕುಮುದಾ."

ಅತ್ತೆಯ ಹೆಸರು ದ್ರೌಪದಮ್ಮ. ವಯಸ್ಸು ಎಪ್ಪತ್ತೊಂದು. ನಲವತ್ತು ವರ್ಷ ಬಸ್ ಸ್ಟ್ಯಾಂಡಿನ ಎದುರು ಗೋಲಿ ಸೋಡಾ ಮಾರಿದವರು. ಹೆದರಿಕೆ ಎಂಬುದು ಅವರಿಗೆ ಗೊತ್ತಿರಲಿಲ್ಲ. "ನಿನ್ನ ಪಾಲಿಂದೂ ನನ್ನ ಪಾಲಿಂದೂ ಸೇರಿಸಿ ನೀನೊಬ್ಳೇ ಹೆದ್ರಿಬಿಡ್ತೀಯಲ್ಲೇ, ನಂಗೇನ್ ಉಳ್ಸಿದೀಯ?" ಎಂದು ನಗುತ್ತಿದ್ದರು.

ಪ್ರಭಂಜನ ಊರಿಗೆ ಬಂದದ್ದು ಹೋದ ವರ್ಷ. ಐಸ್ ಫ್ಯಾಕ್ಟರಿಯ ಮಹಡಿಯ ಮೇಲೆ ಒಂದು ಕೋಣೆ ಹಿಡಿದು, ಒಂದು ಲ್ಯಾಪ್‌ಟಾಪ್, ಎರಡು ಸ್ಪೀಕರ್ ಇಟ್ಟುಕೊಂಡು ಹಾಡು ಕಟ್ಟುತ್ತಿದ್ದ. ಅಲ್ಲಿಯವರೆಗೆ ನಮ್ಮ ಹಾಡುಗಳೆಲ್ಲ ಕಚೇರಿಯ ಹಾಡುಗಳು. ಎದ್ದೇಳಲು ಒಂದು, ಕೆಲಸಕ್ಕೆ ಒಂದು, ಮಲಗಲು ಒಂದು. ಅವನು ತಂದದ್ದು ಬೇರೆಯೇ ಆಗಿತ್ತು. ಮರದ ಪಟ್ಟಿಗಳ ಮೇಲೆ ಕೋಲು ಆಡಿಸಿದಂಥ ತಿಳಿಯಾದ ನಾದ, ಕೊಳಲೋ ಹೆಣ್ಣಿನ ದನಿಯೋ ಹೇಳಲಾಗದ ಒಂದು ಎಳೆ, ಅಲ್ಲಲ್ಲಿ ಚಪ್ಪಾಳೆ, ಎಲ್ಲದರ ಕೆಳಗೆ ಒದ್ದೆ ಮರಳಿನ ಮೇಲೆ ಹೆಜ್ಜೆಯಿಟ್ಟಂಥ ಮೆತ್ತನೆಯ ಬಡಿತ. ನಿಮಿಷಕ್ಕೆ ನೂರ ನಾಲ್ಕು. ಕೇಳುತ್ತಿದ್ದರೆ ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ಸಮುದ್ರಕ್ಕೆ ಇಳಿದ ಹಾಗಾಗುತ್ತಿತ್ತು. ಸೆಖೆಯನ್ನು ಬೈಯುತ್ತಿದ್ದ ಜನ ಸೆಖೆಗಾಲಕ್ಕೆ ಕಾಯತೊಡಗಿದರು. ಮೀನು ಮಾರುವವರು ಬುಟ್ಟಿ ಕೆಳಗಿಟ್ಟು ಸೊಂಟ ಆಡಿಸಿದರು. ನಮ್ಮ ಅತ್ತೆ ಅಂಗಳದಲ್ಲಿ ಬಟ್ಟೆ ಒಣಹಾಕುತ್ತ, ಒದ್ದೆ ಲಂಗವನ್ನು ತಲೆಯ ಮೇಲೆ ತಿರುಗಿಸುತ್ತ ಕುಣಿದರು.

ಆ ಮೊದಲ ಹಾಡಿನಲ್ಲೇ ಅದು ಇತ್ತು. ಎಲ್ಲವೂ ಏರುತ್ತ ಏರುತ್ತ ಹೋಗಿ, ಚಪ್ಪಾಳೆ ಒತ್ತೊತ್ತಾಗಿ, ಇನ್ನೇನು ಬೀಳಬೇಕು ಎನ್ನುವಾಗ ನಾಲ್ಕು ಬಡಿತದಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಒಮ್ಮೆಲೇ ಎಲ್ಲವೂ ಬಂದು ಬೀಳುತ್ತದೆ. ಎರಡು ಸೆಕೆಂಡಿಗಿಂತ ತುಸು ಹೆಚ್ಚು, ಅಷ್ಟೇ ತಾನೇ ಎಂದು ಸಹಿ ಹಾಕಿದ್ದೆ. ಆ ನಾಲ್ಕು ಬಡಿತಗಳಲ್ಲಿ ಊರಿನ ಎದೆಗಳೆಲ್ಲ ನಿಂತವು. ಮತ್ತೆ ಹಾಡಿನ ಜೊತೆಗೇ ಶುರುವಾದವು. ಜನ ಚೀರಿದರು, ನಕ್ಕರು, ಇನ್ನೊಮ್ಮೆ ಹಾಕಿ ಎಂದರು.

ಅದಕ್ಕೆ ಬಿಡುವು ಎಂದು ಹೆಸರಾಯಿತು. ಜನ ಅದಕ್ಕೂ ಹೊಂದಿಕೊಂಡರು. ಬಿಡುವು ಹತ್ತಿರವಾದಾಗ ಬಸ್ಸಿನವರು ಬ್ರೇಕ್ ಎಳೆದು ನಿಲ್ಲಿಸುತ್ತಿದ್ದರು. ಕ್ಷೌರದವರು ಕೆನ್ನೆಯಿಂದ ಕತ್ತಿ ಎತ್ತುತ್ತಿದ್ದರು. ಎಲ್ಲರೂ ಕೂತು ಪಕ್ಕದವರ ಕೈ ಹಿಡಿಯುತ್ತಿದ್ದರು, ಪಕ್ಕದವರು ಯಾರೇ ಆಗಿರಲಿ. ಎರಡನೇ ಹಾಡಿನಲ್ಲಿ ಪ್ರಭಂಜನ ಬಿಡುವನ್ನು ಎಂಟು ಬಡಿತ ಮಾಡಿದ. ಅದಕ್ಕೂ ಸಹಿ ಹಾಕಿದೆ. ಆ ದಿನ ನಾನು ಹಿಡಿದುಕೊಂಡಿದ್ದು ಅತ್ತೆಯ ಕೈಯನ್ನು. ಹಾಡು ಮರಳಿತು, ನನ್ನ ಎದೆ ಮರಳಿತು. ಬೆರಳಿನ ಕೆಳಗೆ ಅತ್ತೆಯ ನಾಡಿ ಮರಳಲಿಲ್ಲ. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಬಂತು.

ಅತ್ತೆ ಕಣ್ಣು ಬಿಟ್ಟು, "ಸ್ವಲ್ಪ ಹಿಂದ್ ಉಳ್ಕೊಂಡೆ ಅಲ್ವಾ?" ಎಂದರು.

"ಮೂರು ಬಡಿತ, ಅತ್ತೆ. ನಾಳೆ ಕಚೇರಿಯಲ್ಲಿ ಬರೀತೀನಿ."

"ಬರ್ದ್ಯೋ, ನಾನಿನ್ನು ನಿನ್ ಜೊತೆ ಮಾತಾಡಲ್ಲ. ಒಬ್ಳು ಮುದುಕಿ ಹಿಂದೆ ಬಿದ್ಲು ಅಂತ ಊರಿಗೆಲ್ಲ ಹಾಡು ನಿಲ್ಸಿಬಿಡ್ತಾರೆ. ಆ ಪಾಪ ನಂಗ್ಯಾಕೆ?"

ನಾನು ಅದನ್ನು ಬರೆಯಲಿಲ್ಲ. 'ತೊಂದರೆ ಇಲ್ಲ' ಎಂದು ಬರೆದೆ. ಅತ್ತೆಯ ಮಾತಿಗೆ ಬರೆದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾದ ಕಾರಣ ಬೇರೆ ಇತ್ತು, ಅದನ್ನು ಆಗ ಯಾರಿಗೂ ಹೇಳಲಿಲ್ಲ. ಹೆದರಲು ಎದೆ ಬಡಿಯಬೇಕು. ಬುದ್ಧಿ ಬಂದಾಗಿನಿಂದ ನನ್ನೊಳಗೆ ಸದಾ ಗುಯ್ಯೆನ್ನುತ್ತಿದ್ದ ಒಂದು ಭಯ ಆ ಎಂಟು ಬಡಿತಗಳಲ್ಲಿ ಇರಲಿಲ್ಲ. ಬೀಗ, ಗ್ಯಾಸು, ಹಡಗು, ಅತ್ತೆ, ಬುಧವಾರ, ಯಾವುದೂ ಇರಲಿಲ್ಲ. ನನಗೆ ಅದು ಮತ್ತೆ ಬೇಕಾಗಿತ್ತು.

ಮೂರನೇ ಹಾಡು ಬಂದದ್ದು ಈ ಏಪ್ರಿಲಿನಲ್ಲಿ. ಎಣಿಸಿದೆ. ಎರಡು ನಿಮಿಷ ನಲವತ್ತನೇ ಸೆಕೆಂಡಿಗೆ ಹದಿನಾರು ಬಡಿತದ ಬಿಡುವು. ಒಂಬತ್ತು ಸೆಕೆಂಡು. ಹೆಡ್‌ಫೋನ್ ತೆಗೆದಿಟ್ಟು ನೇರ ಐಸ್ ಫ್ಯಾಕ್ಟರಿಗೆ ಹೋದೆ. ಪ್ರಭಂಜನ ಏಪ್ರಿಲಿನ ಆ ಬೇಗೆಯಲ್ಲೂ ಸ್ವೆಟರ್ ಹಾಕಿಕೊಂಡು, ಚಕ್ಕುಲಿ ತಿನ್ನುತ್ತ ಕೂತಿದ್ದ. ಕೆಳಗಿನಿಂದ ಮಂಜುಗಡ್ಡೆ ಒಡೆಯುವ ಸದ್ದು ಬರುತ್ತಿತ್ತು; ನೆಲ ಕಾಲಿಗೆ ತಣ್ಣಗೆ ಕೊರೆಯುತ್ತಿತ್ತು.

"ಬನ್ನಿ ಅಕ್ಕಾ. ಚಕ್ಕುಲಿ ತಗೊಳ್ಳಿ, ಮೆತ್ತಗಾಗಿದೆ, ಆದ್ರೂ ತಗೊಳ್ಳಿ."

"ಹದಿನಾರು ಯಾಕೋ?"

"ನಾಲ್ಕಕ್ಕೆ ಚೀರಿದ್ರು. ಎಂಟಕ್ಕೆ ಕೆಲವರು ಅತ್ತುಬಿಟ್ರು, ನೀವೂ ನೋಡಿದ್ರಿ. ಹದಿನಾರಕ್ಕೆ ಏನಾಗತ್ತೋ ನಂಗೂ ಗೊತ್ತಿಲ್ಲ ಅಕ್ಕಾ. ಗೊತ್ತಿದ್ರೆ ಮಾಡ್ತಾನೇ ಇರ್ಲಿಲ್ಲ."

"ಯಾರದಾದ್ರೂ ಎದೆ ವಾಪಸ್ ಬರ್ದೇ ಹೋದ್ರೆ?"

ಅವನು ಚಕ್ಕುಲಿ ಕೆಳಗಿಟ್ಟ. ಅವನಿಗೆ ನಿಜವಾಗಿಯೂ ಗಾಬರಿಯಾಗಿತ್ತು. "ಹಂಗೇನಾದ್ರೂ ಆಗಿದ್ಯಾ? ಹೋದ್ಸಲದ್ದು ನೋಡಿದೆನಲ್ಲ, ನೀವೇ ಬರ್ದಿದೀರಿ, ತೊಂದರೆ ಇಲ್ಲ ಅಂತ. ಏನಾದ್ರೂ ಇದ್ರೆ ಹೇಳ್ಬಿಡಿ, ಈಗ್ಲೇ ಕತ್ತರಿಸಿ ಹಾಕ್ತೀನಿ."

ನಾನು ಹೇಳಬಹುದಿತ್ತು. ಮೂರು ಬಡಿತ ಎನ್ನುವ ಎರಡು ಪದ. ಅವನು ಬೆರಳಿಗೆ ಉಸಿರು ಊದಿಕೊಳ್ಳುತ್ತ ಕಾಯುತ್ತಿದ್ದ.

"ಇಲ್ಲ," ಎಂದೆ. "ಸುಮ್ನೆ ಕೇಳ್ದೆ."

ಬರುವ ದಾರಿಯಲ್ಲಿ ಒಂದು ಲೆಕ್ಕ ಹಾಕಿದೆ. ಶನಿವಾರ ಸಂಜೆ ಐದಕ್ಕೆ ಹಾಡು. ಅತ್ತೆಯನ್ನು ಎರಡು ಗಂಟೆಯ ಬಸ್ಸಿಗೆ ಸೇತುವೆಯಾಚೆ ಅವರ ತಂಗಿಯ ಮನೆಗೆ ಕಳಿಸಿದರೆ ಯಾರಿಗೂ ತೊಂದರೆಯಿಲ್ಲ. ಅತ್ತೆ ಉಳಿಯುತ್ತಾರೆ, ನನಗೆ ಹದಿನಾರು ಸಿಗುತ್ತದೆ. ಅತ್ತೆ ಬೇಡ ಎನ್ನಬಹುದು ಎಂದು ಹೆದರಿದ್ದೆ. "ಆಗ್ಲಿ ಬಿಡು, ಅವಳ್ನೂ ನೋಡಿ ತಿಂಗಳಾಯ್ತು" ಎಂದುಬಿಟ್ಟರು. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಶನಿವಾರ ಮಧ್ಯಾಹ್ನ ಬಸ್ಸಿನ ಕಿಟಕಿ ಪಕ್ಕ ಕೂರಿಸಿ, ನೀರಿನ ಬಾಟಲಿ ಕೊಟ್ಟು, ಬಸ್ಸು ಮರೆಯಾಗುವವರೆಗೆ ನಿಂತು ನೋಡಿ, ಕಚೇರಿಗೆ ಹೋಗಿ ಸಹಿ ಹಾಕಿದೆ.

ಐದು ಗಂಟೆಗೆ ಇಡೀ ಊರು ಸಮುದ್ರದ ದಂಡೆಯ ಮೇಲಿತ್ತು. ಬಿಸಿಲು ಇನ್ನೂ ಇಳಿದಿರಲಿಲ್ಲ. ನಾನು ತಡೆಗೋಡೆಯ ಮೇಲೆ ಕೂತಿದ್ದೆ. ಕಂಬಗಳಿಂದ ಮೊದಲು ಆ ಮರದ ನಾದ ಒಂದೊಂದೇ ಹನಿಯಾಗಿ ಬಂತು. ಆಮೇಲೆ ಬಡಿತ. ನನ್ನ ಎದೆ ತನ್ನ ನಡಿಗೆ ಬಿಟ್ಟು ಅದರ ನಡಿಗೆಗೆ ಬಿತ್ತು. ಸುತ್ತ ಸಾವಿರ ಎದೆಗಳು ಹಾಗೇ ಬಿದ್ದದ್ದು ಮೈಗೆ ತಿಳಿಯುತ್ತಿತ್ತು. ಆ ಹೆಣ್ಣುದನಿ ಎಳೆ ಎಳೆಯಾಗಿ ಮೇಲೆದ್ದಾಗ ಜನರೆಲ್ಲ ಕೈ ಎತ್ತಿದರು. ನಾನೂ ಎತ್ತಿದೆ. ಆಗ ಕಂಡಿತು: ಐಸ್‌ಕ್ಯಾಂಡಿ ಗಾಡಿಯ ಪಕ್ಕ ಗಿಳಿಹಸಿರು ಸೀರೆ, ತಲೆಯ ಮೇಲೆ ಗರಗರ ತಿರುಗುತ್ತಿದ್ದ ಒಂದು ನೀರಿನ ಬಾಟಲಿ.

ಅಷ್ಟರಲ್ಲಿ ನೂರ ಹತ್ತು ಬಡಿತ ಆಗಿತ್ತು. ಬಿಡುವಿಗೆ ಉಳಿದದ್ದು ನೂರ ಅರವತ್ತೇಳು. ಕುಣಿಯುವವರ ಮೊಣಕೈ, ಬೆನ್ನು, ಮಕ್ಕಳ ನಡುವೆ ನುಗ್ಗಿ ಓಡಿದೆ. ಮರಳಿನಲ್ಲಿ ಚಪ್ಪಲಿ ಹೂತು ಹೋಯಿತು, ಅಲ್ಲೇ ಬಿಟ್ಟೆ.

"ಅತ್ತೆ! ಇಲ್ಲೇನ್ ಮಾಡ್ತಿದೀರಾ?"

"ಕಾಣಲ್ವೇನೇ? ಕುಣೀತಿದೀನಿ."

"ಬಸ್ಸು?"

"ಸೇತುವೆ ಹತ್ರ ಇಳ್ಕೊಂಡೆ. ಒಲೆ ಮೇಲೆ ಹಾಲಿಟ್ಟು ಮರ್ತುಬಂದೆ ಅಂದೆ, ಕಂಡಕ್ಟರ್ ಪಾಪ ತಾನೇ ಹಾರ್ನ್ ಹೊಡ್ಸಿ ಎದುರಿನ ಬಸ್ಸು ನಿಲ್ಸಿ ಹತ್ತಿಸ್ದ."

ಕೈಹಿಡಿದು ರಸ್ತೆಗೆ ಎಳೆದುಕೊಂಡು ಹೋದೆ. ಆಟೋದವನು ಗಾಡಿ ನಿಲ್ಲಿಸಿ ಮುಂದಿನ ಚಕ್ರಕ್ಕೆ ಒರಗಿ ಕೂತಿದ್ದ.

"ಅಣ್ಣಾ, ಸೇತುವೆಗೆ ಬಿಡಪ್ಪ, ಬೇಗ."

"ಅಕ್ಕಾ, ತಲೆ ಸರಿ ಇದ್ಯಾ? ಬಿಡುವಿನ ಹೊತ್ತಲ್ಲಿ ಗಾಡಿ ಓಡ್ಸಿದ್ರೆ ಲೈಸೆನ್ಸ್ ಕಿತ್ಕೋತಾರೆ. ಕೂತ್ಕೊಳ್ಳಿ, ಕೈ ಕೊಡಿ ಬೇಕಿದ್ರೆ."

ಎಂಬತ್ತು ಬಡಿತ ಉಳಿದಿತ್ತು. ಕಚೇರಿಗೆ ಓಡಿ ಹಾಡು ನಿಲ್ಲಿಸುವ ಯೋಚನೆ ಬಂತು, ಅದರ ಹಿಂದೆಯೇ ಬುಧವಾರದ ಓಣಿ ಕಣ್ಣಿಗೆ ಬಂತು. ಅತ್ತೆ ಕೈ ಬಿಡಿಸಿಕೊಂಡು ಅಲ್ಲೇ ರಸ್ತೆಯಂಚಿನ ಮರಳಿನ ಮೇಲೆ ಕೂತರು. ಏದುಸಿರು ಬಿಡುತ್ತಿದ್ದರು.

"ಯಾಕೆ ಅತ್ತೆ ಹೀಗ್ ಮಾಡಿದ್ರಿ? ಹೋದ್ಸಲ ಎಂಟಕ್ಕೇ ಮೂರು ಹಿಂದೆ ಬಿದ್ರಿ. ಇದು ಹದಿನಾರು."

"ಗೊತ್ತು ಕಣೇ. ಊರಿಗೆಲ್ಲ ಗೊತ್ತು, ಹದಿನಾರು ಅಂತ." ಅವರು ಬಾಟಲಿಯಿಂದ ಒಂದು ಗುಟುಕು ಕುಡಿದರು. "ನಲವತ್ತು ವರ್ಷ ಎಪ್ಪತ್ತೆರಡರಲ್ಲಿ ಬಾಟ್ಲಿ ತೊಳೆದೆ. ಈಗ ನೂರ ನಾಲ್ಕು ಬಂದಿದೆ. ಅದನ್ನ ಬಿಟ್ಟು ತಂಗಿ ಮನೇಲಿ ಕೂತು ಮೊಣಕಾಲಿಗೆ ಎಣ್ಣೆ ಹಚ್ಕೊಳ್ಲಾ? ನೀನ್ ಸಹಿ ಹಾಕಿದ್ದು ಯಾರಿಗೋಸ್ಕರ, ನಂಗ್ ಗೊತ್ತಿಲ್ವಾ? ಎಂಟರಲ್ಲಿ ನಿನ್ ಮುಖ ನೋಡಿದೀನಿ. ಮದುವೆಯಾಗಿ ಬಂದಾಗಿನಿಂದ ಒಂದಿನಾನೂ ಹಂಗಿರ್ಲಿಲ್ಲ ನಿನ್ ಮುಖ."

ಚಪ್ಪಾಳೆಗಳು ಒತ್ತೊತ್ತಾಗತೊಡಗಿದ್ದವು. ದಂಡೆಯ ಉದ್ದಕ್ಕೂ ಜನ ಕೂತು ಕೈಹಿಡಿಯುತ್ತಿದ್ದರು. ನಾನು ಅತ್ತೆಯ ಎದುರು ಮಂಡಿಯೂರಿ ಎಡಗೈಯಲ್ಲಿ ಅವರ ಮಣಿಕಟ್ಟು ಹಿಡಿದೆ, ಬಲಗೈ ಮುಷ್ಟಿ ಕಟ್ಟಿದೆ. ಬಿಡುವಿನಲ್ಲಿ ಕೈಕಾಲು ಆಡುತ್ತವೆ, ಯಾರೂ ಆಡಿಸುವುದಿಲ್ಲ ಅಷ್ಟೇ. ಹಾಡು ನಿಂತ ಕೂಡಲೇ ಅವರ ಎದೆಗೆ ನಾನೇ ಗುದ್ದುತ್ತೇನೆ, ಒಂದೊಂದು ಬಡಿತಕ್ಕೆ ಒಂದೊಂದು, ಹದಿನಾರು ಸಲ. ಹಾಡು ಬಿಟ್ಟ ಜಾಗವನ್ನು ನಾನು ತುಂಬುತ್ತೇನೆ. "ಬಿಡುವಲ್ಲಿ ಗುದ್ತೀನಿ, ಅತ್ತೆ" ಎಂದೆ. ಆರು, ಐದು, ನಾಲ್ಕು ಎಂದು ಎಣಿಸಿದೆ.

ನಿಂತಿತು.

ಅದು ಹೇಗಿತ್ತು ಎಂದು ಸರಿಯಾದ ಪದಗಳಲ್ಲಿ ಹೇಳಲು ತುಂಬ ದಿನ ಯತ್ನಿಸಿದ್ದೇನೆ. ಸಮುದ್ರ ಇತ್ತು. ಬಿಸಿಲು ಇತ್ತು. ನನ್ನ ಕೈಯಲ್ಲಿ ಬೆಚ್ಚಗಿನ ಏನೋ ಒಂದು ಇತ್ತು, ಅದು ಯಾರದೋ ಕೈ ಎಂದು ಗೊತ್ತಿತ್ತು. ಯಾರದು ಎಂದು ಕೇಳಬೇಕು ಅನ್ನಿಸಲಿಲ್ಲ. ಏನೋ ಮಾಡುವುದಿದೆ ಎಂಬ ನೆನಪೂ ಒಂದಿತ್ತು, ದೂರದ ಮನೆಯೊಂದರಲ್ಲಿ ಯಾರೋ ಯಾರನ್ನೋ ಕರೆದ ಹಾಗೆ. ನಾನು ಓಗೊಡಲಿಲ್ಲ. ನನ್ನ ಬಲಗೈ ಬಿಚ್ಚಿಕೊಂಡು ತೊಡೆಯ ಮೇಲೆ ಬಿದ್ದಿತ್ತು.

ಹಾಡು ಒಮ್ಮೆಲೇ ಬಂದು ಬಿತ್ತು. ನನ್ನ ಎದೆ ಅದರ ಜೊತೆಗೇ ಬಂತು, ಎದೆಯ ಜೊತೆಗೆ ಭಯ ಬಂತು, ಆಗ ತಿಳಿಯಿತು, ಒಂದು ಸಲವೂ ಗುದ್ದಿಲ್ಲ. ದಂಡೆಯ ಮೇಲೆ ಎದ್ದ ಕೂಗಿಗೆ ಕಿವಿ ಗಡಚಿಕ್ಕಿತು. ಅತ್ತೆಯ ಮಣಿಕಟ್ಟಿನಲ್ಲಿ ಏನೂ ಇರಲಿಲ್ಲ. ನಾಲ್ಕು. ಐದು. ಅವರ ತಲೆ ನನ್ನ ಭುಜಕ್ಕೆ ಒರಗಿತು. ಎಂಟು. ಒಂಬತ್ತು. ಮಲಗಿಸಿ ಎದೆಗೆ ಗುದ್ದಿದೆ, ಹಾಡಿನ ಬಡಿತಕ್ಕೆ ಸರಿಯಾಗಿ, ಕಂಬದಿಂದ ಬರುವ ಒಂದೊಂದು ಬಡಿತಕ್ಕೂ ಒಂದೊಂದು. ಆಟೋದವನು ಬಗ್ಗಿ ನೋಡಿ, "ಅಜ್ಜಿಗೆ ಸುಸ್ತಾಯ್ತಾ?" ಎಂದು ನಗುತ್ತ ಕೇಳಿದ. ಮರುಕ್ಷಣ ಅವನ ನಗು ನಿಂತಿತು. ಇಪ್ಪತ್ತು. ಇಪ್ಪತ್ತೊಂದು. ಅತ್ತೆಯ ತುಟಿ ಬೇರೆ ಬಣ್ಣವಾಗುತ್ತಿತ್ತು. ಗಂಡನಿಗೆ ಏನು ಹೇಳಲಿ, ಎಷ್ಟು ಸೆಕೆಂಡು ಎಂದು ಹೇಳಲಿ ಎಂದು ಯೋಚಿಸುತ್ತಿದ್ದ ನನಗೆ ಇಪ್ಪತ್ತೊಂದರ ನಂತರ ಯಾವುದು ಎಂದು ಮರೆತುಹೋಯಿತು. ಅಳುತ್ತ, ಅವರ ಹೆಸರು ಹಿಡಿದು ಕೂಗುತ್ತ, ಲೆಕ್ಕವಿಲ್ಲದೆ, ತಾಳವಿಲ್ಲದೆ, ಹೇಗೆಂದರೆ ಹಾಗೆ ಗುದ್ದಿದೆ.

ಆಗ ಬೆರಳಿನ ಕೆಳಗೆ ಒಂದು ಸಣ್ಣ ಎಳೆತ. ನಿಂತಿತು. ಆಮೇಲೆ ಎರಡು ಒಟ್ಟಿಗೆ.

ಅತ್ತೆ ಕೆಮ್ಮಿದರು. ಕಣ್ಣು ಬಿಟ್ಟು ನನ್ನನ್ನೂ ಆಟೋದವನನ್ನೂ ನೋಡಿದರು. "ಸೊಸೆ ಅತ್ತೆಗ್ ಹೊಡೀತಿದ್ಲು, ನೀನು ನೋಡ್ಕೊಂಡು ನಿಂತಿದ್ಯಾ?" ಎಂದು ಅವನನ್ನು ಕೇಳಿದರು. ಅವನು ಕೂತಲ್ಲೇ ಅತ್ತುಬಿಟ್ಟ.

ಹಾಡು ಕೊನೆಗೆ ಬಂದು ನಿಧಾನವಾಗಿ ಇಳಿದು ಎಲ್ಲರ ಎದೆಗಳನ್ನು ಹಿಂದಿರುಗಿಸಿತು. ನಾನು ಅತ್ತೆಯ ಮಣಿಕಟ್ಟು ಬಿಟ್ಟಿರಲಿಲ್ಲ. ಅಲ್ಲಿನ ನಾಡಿ ಹಾಡಿನ ಜೊತೆ ಇಳಿಯಲಿಲ್ಲ. ಏರಿಯೂ ಇರಲಿಲ್ಲ. ಗಾಬರಿಯಲ್ಲಿ ನನಗೇ ಸರಿಯಾಗಿ ತಿಳಿದಿಲ್ಲ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅತ್ತೆಯ ಹಾಸಿಗೆಯ ಪಕ್ಕ ಕೂತು ಕಾದೆ. ಕಂಬದಿಂದ ಎಪ್ಪತ್ತೆರಡರ ಹಾಡು ಬಂತು. ಎದುರುಮನೆಯ ಅಜ್ಜ ಎಂದಿನಂತೆ ಕಾಫಿ ಕೇಳಿದ್ದು ಕಿಟಕಿಯಿಂದ ಕೇಳಿಸಿತು. ನನ್ನ ಎದೆ ಹಾಡಿನ ಜೊತೆ ಹೊರಟಿತು. ಅತ್ತೆಯದು ಹೊರಡಲಿಲ್ಲ. ಎರಡು ಬೇಗ ಬೇಗ, ಒಂದು ತಡವಾಗಿ, ನಡುವೆ ಉದ್ದದ ಒಂದು ಖಾಲಿ, ಮತ್ತೆ ಒಂದು. ಹಾಡು ಕರೆಯುತ್ತಲೇ ಇತ್ತು, ಅದು ಕೇಳಿಸಿಕೊಳ್ಳಲೇ ಇಲ್ಲ. ಇನ್ನು ಮೇಲೆ ಅದು ರಾತ್ರಿ ಎಲ್ಲಾದರೂ ನಿಂತರೆ ಬೆಳಗಿನ ಯಾವ ಹಾಡೂ ಬಂದು ಎಬ್ಬಿಸುವುದಿಲ್ಲ ಎಂದು ನನಗೆ ಅರ್ಥವಾಯಿತು.

"ಹೇಗಿದೆ?" ಎಂದರು ಅತ್ತೆ.

"ಗೊತ್ತಾಗ್ತಿಲ್ಲ, ಅತ್ತೆ. ಎಣಿಸೋಕೆ ಬರ್ತಿಲ್ಲ."

"ಹ್ಞೂಂ. ನಂಗೂ ಒಳಗೆ ಏನೋ ಬೇರೆ ಥರ ಅನ್ಸತ್ತೆ. ನಂದೇ ಅನ್ನೋ ಥರ." ನನ್ನ ಬಲಗೈಯನ್ನು ನೋಡಿದರು. ಆಮೇಲೆ ಕೇಳಿದರು: "ಬಿಡುವಲ್ಲಿ ಗುದ್ತೀನಿ ಅಂತ ಮುಷ್ಟಿ ಕಟ್ಕೊಂಡಿದ್ಯಲ್ಲ, ಯಾಕ್ ಗುದ್ಲಿಲ್ಲ?"

ಹೇಳಲು ಬೇರೆ ಉತ್ತರಗಳಿದ್ದವು. ಕೈ ಏಳಲಿಲ್ಲ ಎನ್ನಬಹುದಿತ್ತು, ತಲೆ ಸುತ್ತಿತು ಎನ್ನಬಹುದಿತ್ತು, ಯಾರೂ ಅನುಮಾನಿಸುತ್ತಿರಲಿಲ್ಲ.

"ಸುಖವಾಗಿತ್ತು ಅತ್ತೆ," ಎಂದೆ. "ನೀವು ಯಾರು ಅಂತಾನೇ ಮರೆತುಹೋಯ್ತು."

ಅವರು ಮುಖ ತಿರುಗಿಸಲಿಲ್ಲ. ಬೈಯಲೂ ಇಲ್ಲ. "ನಂಗೂ ಸುಖವಾಗಿತ್ತು ಕಣೇ," ಎಂದರು ಮೆಲ್ಲಗೆ. "ಆದ್ರೆ ವಾಪಸ್ ಬರೋವಾಗ ಹೆದರಿಕೆ ಆಯ್ತು. ಮೊದಲ್ನೇ ಸಲ."

ಅವರು ಕೈ ಬಿಡಿಸಿಕೊಳ್ಳಲಿಲ್ಲ. ಬೆರಳಿನ ಕೆಳಗೆ ಒಂದು ಬಂತು, ಆಮೇಲೆ ಖಾಲಿಯಾಯಿತು. ಮುಂದಿನದಕ್ಕೆ ಇಬ್ಬರೂ ಉಸಿರು ಹಿಡಿದು ಕಾದೆವು.